ಬಾಹ್ಯಾಕಾಶದ ಹಾಡಿಗೆ ಮನೆ ಓನರ್ ಸಾಕ್ಷಿ

ಬಾಹ್ಯಾಕಾಶ ನೌಕೆಗಳ ಒಂದು ವಿದೇಶಿ ಧಾರಾವಾಹಿಗೆ ನಾನು ಮನಸೋತಿದ್ದ ಕಾಲವದು. ಕತೆ ನಡೆಯುವುದು ಮುನ್ನೂರು ವರ್ಷ ಮುಂದೆ. ಆದರೂ ಅದರಲ್ಲಿನ ಜನ ನಮ್ಮ ಕಾಲದ ಪಾಪ್ ಗಾಯಕರ ಹಾಡುಗಳನ್ನೇ ಗುನುಗುತ್ತಾರೆ. ಯಾವ ಕಂತಿನಲ್ಲಿ ಯಾವ ಗಾಯಕರ ಪ್ರಸ್ತಾಪವಿದೆ ಎಂದು ಅಭಿಮಾನಿಗಳೆಲ್ಲ ಸೇರಿ ಇಂಟರ್ನೆಟ್ಟಿನಲ್ಲಿ ಒಂದು ಪಟ್ಟಿ ಬರೆಯುತ್ತಿದ್ದೆವು. ಆಫೀಸಿನಲ್ಲಿ ಸಾಫ್ಟ್‌ವೇರಿನ ತಪ್ಪು ಹುಡುಕುವ ನಾನು, ಈ ಕೆಲಸವನ್ನು ಅದಕ್ಕಿಂತ ಶ್ರದ್ಧೆಯಿಂದ ಮಾಡುತ್ತಿದ್ದೆ.

ಒಂದು ಹಾಡು ಮಾತ್ರ ಯಾರದೆಂದು ಯಾರಿಗೂ ತಿಳಿದಿರಲಿಲ್ಲ. ನೌಕೆಯ ಅಡುಗೆಯವಳು ಗುನುಗುವ ಎರಡೇ ಸಾಲು. ಒಂದು ಭಾನುವಾರ ಮಧ್ಯಾಹ್ನ ಅದನ್ನೇ ಮತ್ತೆ ಮತ್ತೆ ಹಾಕಿಕೊಂಡು ಕೂತಿದ್ದಾಗ, ನೀರಿನ ಟ್ಯಾಂಕ್ ನೋಡಲು ಬಂದ ಮನೆ ಓನರ್ ಬಾಗಿಲಲ್ಲೇ ನಿಂತರು. ಎಪ್ಪತ್ತು ದಾಟಿದವರು, ವೈಟ್‌ಫೀಲ್ಡ್ ಪಕ್ಕದ ಹಳೇ ಹಳ್ಳಿಯವರು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈ ಮೂರಂತಸ್ತು ಕಟ್ಟಿಸಿದ್ದರು.

"ಈ ಆಡಿಗೆ ನಾನು ಡ್ರಮ್ ಬಾರ್ಸಿದ್ದೀನಿ ಮೇಡಂ."

ನನಗೆ ನಗು ಬಂತು. "ಅಂಕಲ್, ಇದು ಇಂಗ್ಲಿಷ್ ಹಾಡು."

"ಡ್ರಮ್ಮಿಗೆ ಯಾವ ಭಾಷೆ? ಆಗ ಇಲ್ಲಿ ಆಂಗ್ಲೋ ಇಂಡಿಯನ್ನರು ಜಾಸ್ತಿ. ಕ್ರಿಸ್‌ಮಸ್ ಡ್ಯಾನ್ಸಿಗೆ ಬಾರ್ಸೋರು ಸಿಕ್ಲಿಲ್ಲ ಅಂತ, ಭಜನೇಲಿ ಡೋಲಕ್ ಬಾರ್ಸ್ತಿದ್ದ ನನ್ನ ಕರ್ಕೊಂಡ್ ಓದ್ರು."

ಗಾಯಕಿಯ ಹೆಸರನ್ನೂ ಹೇಳಿದರು. ಅವರ ಬಾಯಲ್ಲಿ ಅದು ಯಾವುದೋ ಗ್ರಾಮದೇವತೆಯ ಹೆಸರಿನಂತೆ ಕೇಳಿಸಿತು.

ಪಟ್ಟಿಗೆ ಸೇರಿಸಿದೆ. ಆಧಾರ ಎಂಬಲ್ಲಿ 'ನಮ್ಮ ಮನೆ ಓನರ್' ಎಂದು ಬರೆದೆ. ಹತ್ತೇ ನಿಮಿಷದಲ್ಲಿ ಯಾರೋ ಅಳಿಸಿದರು. ಓನರಿಗೆ ಹೇಳಿದರೆ ಸಿಟ್ಟೇ ಬಂತು.

"ನನ್ ಮಾತಿಗೆ ಬೆಲೆ ಇಲ್ವಾ? ನಡೀರಿ."

ಸ್ಕೂಟರಿನಲ್ಲಿ ಒಂದು ಹೆಂಚಿನ ಮನೆಗೆ ಕರೆದೊಯ್ದರು. ಆ ಡ್ಯಾನ್ಸುಗಳಲ್ಲಿ ಪಿಯಾನೊ ನುಡಿಸುತ್ತಿದ್ದ ಆಂಗ್ಲೋ ಇಂಡಿಯನ್ ಅಜ್ಜಿಯ ಮನೆ ಅದು. ಇವರನ್ನು ಕಂಡದ್ದೇ ಅಜ್ಜಿ ಕನ್ನಡದಲ್ಲೇ ಕೇಳಿದರು: "ಏನಪ್ಪಾ, ಈಗ್ಲೂ ಹಾಡಿಗಿಂತ ಮುಂದೆ ಓಡ್ತೀಯಾ?"

ನಮ್ಮ ಓನರ್ ಶಾಲೆಯ ಹುಡುಗನಂತೆ ತಲೆ ಕೆರೆದುಕೊಂಡರು. ವಿಷಯ ಕೇಳಿ ಅಜ್ಜಿ ಆ ಗಾಯಕಿಯ ರೆಕಾರ್ಡ್ ಹುಡುಕಿ ತೆಗೆದು ಹಾಕಿದರು. ಎರಡನೆಯ ಚರಣದಲ್ಲಿ ಅದೇ ಎರಡು ಸಾಲು! ನಾನು ಕೂತಲ್ಲಿಂದ ಎದ್ದುಬಿಟ್ಟೆ. ಓನರ್ ಕುರ್ಚಿಯ ಕೈ ಮೇಲೆ ತಾಳ ಹಾಕುತ್ತಿದ್ದರು, ನಿಜವಾಗಿಯೂ ತುಸು ಅವಸರದಲ್ಲಿ. ಇವರ ಮಾತಿಗೆ ನಕ್ಕಿದ್ದು ನೆನಪಾಗಿ ನಾಚಿಕೆಯಾಯಿತು.

ರೆಕಾರ್ಡಿನ ಫೋಟೊ ಹಾಕಿದ ಮೇಲೆ ಯಾರೂ ತಕರಾರು ಮಾಡಲಿಲ್ಲ.

"ನನ್ ಎಸ್ರು ಆಕಿದ್ರಾ?"

"ಹಾಡಿದವರ ಹೆಸರು ಮಾತ್ರ ಹಾಕೋದು ಅಂಕಲ್."

"ಬಾರ್ಸ್ದೋರು ಏನ್ ಪಾಪ ಮಾಡಿದ್ರು?" ಎಂದು ಗೊಣಗುತ್ತಾ ಇಳಿದು ಹೋದರು.

ಮುಂದಿನ ಭಾನುವಾರ ಹೆಂಡತಿಯನ್ನೂ ಕರೆದುಕೊಂಡು ಬಂದರು. "ಇವಳ್ಗೂ ತೋರ್ಸಿ ಮೇಡಂ. ಡ್ರಮ್ ಬಾರ್ಸ್ತಿದ್ದೆ ಅಂದ್ರೆ ಮದ್ವೆ ಆದಾಗಿಂದ ನಂಬಿಲ್ಲ."

ಆಕೆ ಸೆರಗು ಹೊದ್ದು, ನೌಕೆ, ನಕ್ಷತ್ರ, ಹಾಡು ಎಲ್ಲವನ್ನೂ ಗಂಭೀರವಾಗಿ ನೋಡಿ ಮುಗಿಸಿ, ಗಂಡನ ಕಡೆ ತಿರುಗಿದರು.

"ಎಲ್ಲಾ ಚೆನ್ನಾಗದೆ. ಇದ್ರಲ್ಲಿ ನೀವೆಲ್ಲಿದ್ದೀರಿ?"