ಏರಿಸಿಟ್ಟ ಅಲಾರಾಂ

ಸ್ವೀಡನ್ನಿಗೆ ಬಂದ ಹೊಸತರಲ್ಲಿ, ಎರಡು ಸಾವಿರದ ದಶಕದ ಕೊನೆಯ ವರ್ಷಗಳಲ್ಲಿ, ನನ್ನ ಗಂಡ ಒಂದು ಸಂಜೆ ನಗುತ್ತಾ ಮನೆಗೆ ಬಂದರು. ಓರೆಬ್ರೂ ಎಂಬ ಊರಿನ ಹೊರಗಿನ ರಾಸಾಯನಿಕ ಕಾರ್ಖಾನೆಯೊಂದಕ್ಕೆ ಬೆಂಗಳೂರಿನ ಕಂಪನಿಯ ಪರವಾಗಿ ಕಂಟ್ರೋಲ್ ಸಾಫ್ಟ್‌ವೇರ್ ಕೂರಿಸುವುದು ಅವರ ಕೆಲಸ. ಅಲ್ಲಿಯವರು ಕಾಫಿ ಕೊಟ್ಟು, ‘ಏನಾದರೂ ಸರಿಯಿಲ್ಲ ಅನ್ನಿಸಿದರೆ ಕೆಲಸ ನಿಲ್ಲಿಸಿ, ಯಾರೂ ಬೈಯುವುದಿಲ್ಲ’ ಅಂದರಂತೆ.

“ಎಲ್ಲಾ ಬಾಯುಪಚಾರ ಕಣೇ,” ಅಂದರು ಇವರು. ಹೊರಟು ನಿಂತವರಿಗೆ ನಾವು ‘ಊಟ ಮಾಡ್ಕೊಂಡು ಹೋಗಿ’ ಅನ್ನುತ್ತೇವಲ್ಲ, ಇದೂ ಹಾಗೇ ಅಂದುಕೊಂಡರು. ಕಾರ್ಖಾನೆಯವರು ಮನಸ್ಸಿನಿಂದಲೇ ಹಾಗೆ ಹೇಳಿರಬಹುದೆಂದು ಇವರಿಗೆ ಹೊಳೆಯಲೇ ಇಲ್ಲ.

ಕೆಲವೇ ದಿನಗಳಲ್ಲಿ ದ್ರಾವಕ ತುಂಬುವ ಶೆಡ್ಡಿನ ಗ್ಯಾಸ್ ಅಲಾರಾಂ ಪದೇ ಪದೇ ಹೊಡೆದುಕೊಳ್ಳತೊಡಗಿತು. ಕಾರ್ಖಾನೆಯವರಿಗೆ ಹೇಳುವುದು ಬಿಟ್ಟು ಇವರು ಬೆಂಗಳೂರಿನ ಮ್ಯಾನೇಜರ್‌ಗೆ ಫೋನ್ ಮಾಡಿದರು. “ಲಿಮಿಟ್ ಸ್ವಲ್ಪ ಮೇಲಿಡಿ, ಪ್ರಾಜೆಕ್ಟ್ ಮುಗೀಲಿ, ಆಮೇಲೆ ನೋಡೋಣ. ಅಡ್ಜಸ್ಟ್ ಮಾಡ್ಕೊಳ್ಳಿ,” ಅಂದ ಆತ. ಇನ್ನಷ್ಟು ಗ್ಯಾಸ್ ತುಂಬುವವರೆಗೂ ಕೂಗದಂತೆ ಇವರು ಅಲಾರಾಂ ಏರಿಸಿಟ್ಟರು, ಅಂಥದ್ದೇ ಎರಡನೇ ಶೆಡ್ಡಿನಲ್ಲೂ. ಅಡ್ಜಸ್ಟ್ ಎಂಬ ಪದ ಕೇಳಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಬಸ್ಸಿನ ಸೀಟಿನಲ್ಲಿ ಸರಿದು ಕೂರುವುದಕ್ಕೆ ಇರುವ ಮಾತು ಅದು. ಗ್ಯಾಸು ಎಲ್ಲಿಗೆ ಸರಿದು ಕೂರುತ್ತದೆ?

ಮೊದಲ ಶೆಡ್ಡು ಸಿಡಿದಾಗ ಅಲ್ಲಿಯವರೆಲ್ಲ ಫೀಕಾ ಎಂಬ ತಮ್ಮ ಕಾಫಿ ಬಿಡುವಿಗೆ ಎದ್ದು ಹೋಗಿದ್ದರು. ಕೆಲಸದ ನಡುವೆ ಕಾಫಿಗೆ ಎದ್ದರೆ ಮರ್ಯಾದೆ ಹೋಗುತ್ತದೆಂದು ಇವರೊಬ್ಬರೇ ಹತ್ತಿರದಲ್ಲಿದ್ದರು. ಬಲಗೈ ಬೆಂದುಹೋಯಿತು, ಮುಖದ ತುಂಬ ಗಾಜಿನ ಗೀರು. ತಪ್ಪು ಹಳೆಯ ಪೈಪಿನದೆಂದು ಕಾರ್ಖಾನೆಯವರು ನಂಬಿದರು.

ಇವರಿನ್ನೂ ಆಸ್ಪತ್ರೆಯಲ್ಲಿರುವಾಗ ಜೊತೆಗೆ ಕೆಲಸ ಮಾಡುವ ಬೆಂಗಳೂರಿನ ಹುಡುಗ ಪುಳಿಯೋಗರೆ ಡಬ್ಬಿ ಹಿಡಿದು ಬಂದ. ಹೊಸದಾಗಿ ಮದುವೆಯಾದವನು.

“ಅತ್ತಿಗೆ, ಲಿಮಿಟ್ ವಿಷ್ಯ ಯಾರ್ ಕೇಳಿದ್ರೂ ಗೊತ್ತಿಲ್ಲ ಅನ್ನಿ. ನಮ್ ವರ್ಕ್ ಪರ್ಮಿಟ್ ಕಂಪನಿ ಕೈಲಿದೆ. ಎಲ್ರೂ ವಾಪಸ್ ಹೋಗ್ಬೇಕಾಗತ್ತೆ.”

“ಎರಡನೇ ಶೆಡ್ಡು?”

“ಸೋಮವಾರ ಸ್ಟಾರ್ಟ್ ಮಾಡ್ತಾರೆ. ನಾನೇ ಇರ್ತೀನಿ ಅಲ್ಲಿ.”

“ಅಲ್ಲಿನ ಅಲಾರಾಂ ಇಳಿಸಿದ್ಯಾ?”

“ಈಗ ಮುಟ್ಟಿದ್ರೆ ಸಿಸ್ಟಮ್‌ನಲ್ಲಿ ಗೊತ್ತಾಗ್ಬಿಡತ್ತೆ. ನಾನ್ ನೋಡ್ಕೋತೀನಿ ಬಿಡಿ.”

ಕಣ್ಣೆದುರು ಬೆಂದ ಕೈ ಬಿದ್ದಿದೆ, ಇವನು ನೋಡಿಕೊಳ್ಳುತ್ತಾನಂತೆ! ಡಬ್ಬಿಯನ್ನು ಅವನ ಮುಖಕ್ಕೆ ಎಸೆಯುವಷ್ಟು ಸಿಟ್ಟು ಬಂತು.

ಮರುದಿನ ಕಾರ್ಖಾನೆಯ ಸುರಕ್ಷತಾ ಪ್ರತಿನಿಧಿ ಬಂದಳು. ಕೆಲಸಗಾರರೇ ಆರಿಸಿದ ಹೆಂಗಸು. ಅಪಾಯ ಕಂಡರೆ ಕೆಲಸ ನಿಲ್ಲಿಸುವ ಅಧಿಕಾರ ಅವಳಿಗಿತ್ತು. ಮೊದಲೇ ಏನಾದರೂ ಸುಳಿವಿತ್ತೇ ಎಂದು ಇಂಗ್ಲಿಷಿನಲ್ಲಿ ಮೆತ್ತಗೆ ಕೇಳಿದಳು. ಇವರು ಸೂರು ನೋಡುತ್ತಾ ಇಲ್ಲ ಅಂದರು.

“ಇತ್ತು,” ಅಂದೆ ನಾನು.

“ಸುಮ್ನಿರೇ!”

“ಯಾಕ್ ಸುಮ್ನಿರ್ಲಿ? ಆ ಹುಡುಗನ್ನೂ ಸುಟ್ಕೊಂಡ್ ಬರೋಕೆ ಕಳಿಸ್ತೀರಾ?”

ಅವಳಿಗೆ ಕನ್ನಡ ಬಾರದು. ಅಲಾರಾಂ, ಬೆಂಗಳೂರಿನ ಫೋನು, ಎರಡನೇ ಶೆಡ್ಡು, ಎಲ್ಲವನ್ನೂ ನನ್ನ ಹರಕು ಇಂಗ್ಲಿಷಿನಲ್ಲೇ ಒದರಿದೆ. ಅವಳು ಬೈಯಲಿಲ್ಲ, ಹೊರಗೆ ಹೋಗಿ ಫೋನ್ ಮಾಡಿದಳು. ಎರಡನೇ ಶೆಡ್ಡು ಶುರುವಾಗಲಿಲ್ಲ. ತಪಾಸಣೆ ಮಾಡಿದರೆ ಅಲ್ಲೂ ಗ್ಯಾಸ್ ಸೋರುತ್ತಿತ್ತು. ನನ್ನ ಗಂಡ ಗೋಡೆಗೆ ಮುಖ ಮಾಡಿ ಮಲಗಿದರು.

ಸೋಮವಾರ ಬೆಳಿಗ್ಗೆ ಆ ಹುಡುಗನ ಫೋನ್ ಬಂತು. ಕೂದಲೂ ಕೊಂಕದೆ ಮನೆಯಲ್ಲಿ ಕೂತು ಕೂಗಾಡಿದ. “ನಮ್ ಹೊಟ್ಟೆ ಮೇಲೆ ಹೊಡೆದ್ಬಿಟ್ರಲ್ಲ ಅತ್ತಿಗೆ! ಏನ್ ಸಿಕ್ತು ನಿಮ್ಗೆ?”

“ನಿನ್ ಹೆಂಡ್ತಿಗೆ ಫೋನ್ ಕೊಡಪ್ಪ, ಏನ್ ಸಿಕ್ತು ಅಂತ ಅವಳಿಗೇ ಹೇಳ್ತೀನಿ,” ಅಂದೆ.

ಫೋನ್ ಇಟ್ಟುಬಿಟ್ಟ.