ರಾಬರ್ಟ್‌ಸನ್‌ಪೇಟೆಯ ಅಗ್ಗದ ದ್ರಾಕ್ಷಾರಸ

ಬಂಗಾರಪೇಟೆಯಲ್ಲಿ ರೈಲು ಬದಲಿಸಿದಾಗ ಕೈಬೆರಳು ಮರಗಟ್ಟುವಷ್ಟು ಚಳಿಯಿತ್ತು. ಬೆಂಗಳೂರಿನ ದಂಡು ಪ್ರದೇಶದ ದಿನಸಿ ಅಂಗಡಿಯೊಂದರಲ್ಲಿ ಆಗ ನನಗೆ ಕೆಲಸ. ಕ್ರಿಸ್‌ಮಸ್ಸಿಗೆ ಬಡ ಗಿರಾಕಿಗಳು ಕೊಳ್ಳಬಹುದಾದ ದ್ರಾಕ್ಷಾರಸ ಚಿನ್ನದ ಗಣಿಯೂರಿನಲ್ಲಿ ಸಿಗುತ್ತದೆಂದು ಕೇಳಿ, ರುಚಿ ನೋಡಿ ಬರಲು ಯಜಮಾನರು ನನ್ನನ್ನು ಕಳಿಸಿದ್ದರು. ನಿಲ್ದಾಣದಲ್ಲಿ ತಣ್ಣಗಿನ ಇಡ್ಲಿ ತಿಂದು, ಸಣ್ಣ ಗಾಡಿ ಹತ್ತಿ ಊರಿಗಾಂನಲ್ಲಿ ಇಳಿದೆ. ರಾಬರ್ಟ್‌ಸನ್‌ಪೇಟೆಗೆ ಜಟಕಾದವನು ಎಂಟಾಣೆ ತೆಗೆದುಕೊಂಡ.

ರಸ ಮಾಡುತ್ತಿದ್ದ ವೆಂಕಟಪ್ಪ ಪೇಟೆಯ ಹಿಂದಿನ ಓಣಿಯಲ್ಲಿದ್ದ. ಹೆಂಡತಿ ನಾಗಮ್ಮ ಚಾಪೆ ಹಾಸಿದಳು. ಹೋದ ವರ್ಷದ ರಸ ತಿಳಿಯಾಗಿತ್ತು, ತುಸು ಹುಳಿ. ಆ ಬೆಲೆಗೆ ಚೆನ್ನಾಗಿಯೇ ಇತ್ತು. ಹೊಸದನ್ನು ಮೂಗಿನ ಹತ್ತಿರ ತಂದೊಡನೆ ಹೊಸ ಮೇಜಿಗೆ ಹಚ್ಚುವ ಪಾಲಿಶಿನ ವಾಸನೆ ಬಂತು. ಒಂದು ತೊಟ್ಟು ಬಾಯಿಗೆ ಹಾಕಿಕೊಂಡೆ, ನಾಲಿಗೆಯ ತುದಿ ಉರಿಯಿತು. ಅಂಗಳಕ್ಕೆ ಓಡಿ ಉಗಿದೆ.

"ಇದಕ್ಕೇನು ಸೇರಿಸಿದಿರಿ?"

"ಈ ಸಲ ದ್ರಾಕ್ಷಿ ಬರೀ ನೀರು ಸಾಮಿ. ಖಾರ ಬರ್ಲಿ ಅಂತ ಬಡಗಿ ಅಂಗ್ಡಿ ಪಾಲಿಶ್ ಸ್ಪಿರಿಟ್ ವಸಿ ಉಯ್ದೆ," ಎಂದ ವೆಂಕಟಪ್ಪ.

"ಯಾರಾದರೂ ಕುಡಿದರಾ?"

ನಾಗಮ್ಮ ಬಾಗಿಲಲ್ಲೇ ನಿಂತಳು. "ನಮ್ ತಮ್ಮ ನಿನ್ನೆ ಕುಡ್ದ. ತಲೆನೋವು ಅಂತ ಒಳಗೆ ಮಲಗವ್ನೆ."

ಒಳಕೋಣೆಯ ಕಿಟಕಿಯಿಂದ ಬಿಸಿಲು ನೇರವಾಗಿ ಆ ಹುಡುಗನ ಮುಖದ ಮೇಲೆ ಬಿದ್ದಿತ್ತು. ಗಣಿಗೆ ಸೇರಿ ಇನ್ನೂ ವರ್ಷ ತುಂಬದ ಮುನಿಯಪ್ಪ. ನಮ್ಮ ಹೆಜ್ಜೆ ಸಪ್ಪಳಕ್ಕೆ ಎದ್ದು ಕುಳಿತ.

"ಅಕ್ಕಾ, ದೀಪ ಅಚ್ಚು. ಯಾಕಿಂಗೆ ಕತ್ಲೆ ಮಾಡಿದ್ದೀರಿ?"

ನಾಗಮ್ಮ ಅವನ ಕಣ್ಣಿನ ಮುಂದೆ ಕೈಯಾಡಿಸಿದಳು, ರೆಪ್ಪೆ ಮಿಟುಕಲಿಲ್ಲ. ವೆಂಕಟಪ್ಪ ಬಾಮೈದನನ್ನು ಎತ್ತಿಕೊಂಡು ಆಸ್ಪತ್ರೆಗೆ ಹೊರಟ. ಹೊರಡುವಾಗ, ಇನ್ನಾರಿಗೆ ಕೊಟ್ಟಿರೆಂದು ನಾನು ಕೇಳಿದ್ದಕ್ಕೆ, ಊರಿಗಾಂನ ಗಣಿ ಕೆಲಸಗಾರರ ಲೈನಿನ ಎರಡು ಮನೆಗೆ ಬಾಟಲಿ ಕೊಟ್ಟಿದ್ದೇನೆಂದು ಹೇಳಿದ. ನಾಗಮ್ಮ ಕಣ್ಣೊರೆಸಿಕೊಂಡು, "ಬನ್ನಿ ಸಾಮಿ, ಮನೆ ನಾನು ತೋರಿಸ್ತೀನಿ," ಎಂದು ನನಗಿಂತ ಮುಂದೆ ಓಡಿದಳು.

ಮೊದಲ ಮನೆಯ ಬಾಟಲಿಯ ಬಿರಡೆ ತೆಗೆದಿರಲಿಲ್ಲ. ಎರಡನೆಯ ಮನೆಯ ಜಗಲಿಯಲ್ಲಿ ಅರುಳ್ ಎಂಬ ಗಣಿ ಕೆಲಸಗಾರ ಲೋಟ ಹಿಡಿದು ಕುಳಿತಿದ್ದ. ನಾಗಮ್ಮ ಅದನ್ನು ಕಿತ್ತು ಚೆಲ್ಲಿದಳು.

"ಏನಮ್ಮಾ, ಕಾಸು ಕೊಟ್ಟಿಲ್ವಾ ನಾನು?"

"ನನ್ ತಮ್ಮನ್ ಕಣ್ಣು ಓಯ್ತು ಅಣ್ಣಾ. ಎಷ್ಟ್ ಕುಡ್ದೆ?"

ಅವನ ಸಿಟ್ಟು ಇಳಿದುಹೋಯಿತು. ಪಕ್ಕದಲ್ಲಿದ್ದ ಬಾಟಲಿಯನ್ನು ಎತ್ತಿ ತೋರಿಸಿದ. ಅರ್ಧ ಖಾಲಿಯಾಗಿತ್ತು.

ಆಸ್ಪತ್ರೆಯ ದಾರಿಯುದ್ದಕ್ಕೂ ಅರುಳ್ ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಗಣಿಯ ದೊಡ್ಡ ಚಕ್ರವನ್ನು ನೋಡುತ್ತಿದ್ದ. ಮತ್ತೆ ಆ ಕಣ್ಣು ಮುಚ್ಚಿ ಈ ಕಣ್ಣು ತೆರೆಯುತ್ತಿದ್ದ. ಮುನಿಯಪ್ಪನ ಪ್ರಾಣಕ್ಕೆ ಭಯವಿಲ್ಲ, ದೃಷ್ಟಿ ಮಾತ್ರ ಬರಲಾರದು ಎಂದರು ವೈದ್ಯರು. ಅರುಳ್‌ನ ವಿಷಯ ಈಗಲೇ ಹೇಳಲಾಗದು, ನಾಳೆಯವರೆಗೆ ಕಾಯಬೇಕು ಎಂದರು. ವೆಂಕಟಪ್ಪ ಗೋಡೆಗೆ ಮುಖ ಮಾಡಿ ನಿಂತಿದ್ದ. ನಾಗಮ್ಮ ಅವನತ್ತ ತಿರುಗಿಯೂ ನೋಡಲಿಲ್ಲ.

ಸಂಜೆಯ ಗಾಡಿಗೆಂದು ಜಟಕಾ ಹತ್ತುವ ಮುನ್ನ ಅರುಳ್‌ನ ಮಂಚದ ಬಳಿ ಹೋದೆ. ಅವನು ನನ್ನನ್ನೇ ದಿಟ್ಟಿಸಿದ.

"ನಿಮ್ ಶರ್ಟು ಬಿಳಿ. ಜೇಬಲ್ಲಿ ಪೆನ್ನಿದೆ. ಸರಿಯಾ ಸಾರ್?"

"ಸರಿ," ಎಂದೆ.

"ನಾಳೇನೂ ಇಂಗೇ ಕಾಣುತ್ತಾ?"

ನಾನು ಅವನ ಕೈ ಹಿಡಿದುಕೊಂಡೆ. ಹೊರಗೆ ಜಟಕಾದವನು ಕೂಗಿದ. ಬಾಗಿಲಿನಿಂದ ತಿರುಗಿದಾಗಲೂ ಅರುಳ್ ಕಣ್ಣು ಮಿಟುಕಿಸದೆ ನನ್ನನ್ನು ನೋಡುತ್ತಲೇ ಇದ್ದ.