ಸೈರನ್ ಕೂಗಿದಾಗಿನ ರಿಲೇ

ಕಾರ್ಗಿಲ್ ಯುದ್ಧದ ದಿನಗಳು. ಸೈರನ್ ಕೂಗಿದರೆ ನೆಲಕ್ಕೆ ಬೋರಲು ಮಲಗಬೇಕೆಂದು ಕಂಪ್ಲಿಯ ನಮ್ಮ ಹೈಸ್ಕೂಲಿನ ಸ್ಕೌಟ್ ಮೇಷ್ಟ್ರು ಕಲಿಸಿದ್ದರು. ಸಂಡೂರಿನ ಮೈದಾನದಲ್ಲಿ ಹೈಸ್ಕೂಲುಗಳ ಕ್ರೀಡಾಕೂಟ, ರಿಲೇಯ ಕೊನೆಯ ಸುತ್ತು. ಬ್ಯಾಟನ್ ನನ್ನ ಕೈಯಲ್ಲಿ, ಎಲ್ಲರಿಗಿಂತ ನಾನೇ ಮುಂದೆ! ಆಗ ಸೈರನ್ ಕೂಗಿತು. ದೊಪ್ಪನೆ ಮಲಗಿದೆ. ಬಾಯಿತುಂಬ ಅದಿರಿನ ಕೆಂಪು ಧೂಳು. ಹಿಂದೆಯೇ ಬಂದ ಸಂಡೂರಿನ ಹುಡುಗ ನಿಂತೇಬಿಟ್ಟ; ಉಳಿದವರು ಇನ್ನೂ ದೂರದಲ್ಲಿದ್ದರು.

"ಏಳಲೇ ಕಂಪ್ಲಿ! ಅದು ಮೈನ್ಸ್‌ನ್ಯಾಗ ಗುಡ್ಡ ಸಿಡಿಸೋ ಸೈರನ್. ದಿನಾ ಕೂಗ್ತದ!"

"ಮತ್ತ ನೀ ಯಾಕ ನಿಂತಿ?"

"ಮಲಗಿದವನ್ನ ಸೋಲಿಸಿದ್ರ ಮಂದಿ ನಗ್ತಾರಲೇ. ಓಡು!"

ಇಬ್ಬರೂ ಒಟ್ಟಿಗೆ ಓಟ ಕಿತ್ತೆವು. ಗೆದ್ದವರು ಯಾರು? ನೆನಪು ಪ್ರತಿ ಸಲ ನನ್ನನ್ನೇ ಗೆಲ್ಲಿಸುತ್ತದೆ. ಅದನ್ನು ನಾನು ನಂಬುವುದಿಲ್ಲ. ಪಕ್ಕದಲ್ಲೇ ಬಡಿಯುತ್ತಿದ್ದ ಅವನ ಬರಿಗಾಲಿನ ಸದ್ದನ್ನು ಮಾತ್ರ ನಂಬುತ್ತೇನೆ.